ಕರುಳಿನ ಸುದ್ದಿ ರಕ್ತದಲ್ಲಿ ಎಷ್ಟು ಸಿಗುತ್ತದೆ?



ದತ್ತಿ ಉಪನ್ಯಾಸವೆಂದರೆ ಪಂಪನೋ ಕುಮಾರವ್ಯಾಸನೋ ಬರುವುದು ವಾಡಿಕೆ. ಈ ಸಲ ನೀವು ಕರುಳಿನ ಮೇಲೆ ಮಾತಾಡಿಸುತ್ತಿದ್ದೀರಿ. ಮಲದಲ್ಲಿ ರಕ್ತ ಕಂಡರೆ ನಮ್ಮವರು ಮೊದಲು ‘ಉಷ್ಣವಾಗಿದೆ’ ಅನ್ನುತ್ತಾರೆ, ಆಮೇಲೆ ‘ಮೂಲವ್ಯಾಧಿ ಇರಬೇಕು’ ಅನ್ನುತ್ತಾರೆ. ಮಜ್ಜಿಗೆ, ಮೆಂತ್ಯ, ದಾಳಿಂಬೆ ಸಿಪ್ಪೆಯ ಕಷಾಯದಲ್ಲಿ ಆರು ತಿಂಗಳು ಕಳೆದುಹೋಗುತ್ತದೆ. ಸಭೆಯಲ್ಲಿ ಎತ್ತಲು ನಾಚಿಕೆಪಡುವ ವಿಷಯವನ್ನೇ ಆರಿಸಿದ್ದೀರಿ, ಒಳ್ಳೆಯದೇ ಆಯಿತು.

ಬೆಂಗಳೂರಿಗೂ ಜರ್ಮನಿಯ ಈ ಅಬ್‌ಸ್ಟಾಟ್ ಊರಿಗೂ ಇರುವ ನಂಟು ನಿಮಗೆ ಹೊಸದಲ್ಲ. 1951ರಲ್ಲಿ ಶುರುವಾದ ಮೈಕೋ ಕಂಪನಿಯ ಹೆಸರು ಆಡುಗೋಡಿ ಕಡೆಯವರ ಬಾಯಲ್ಲಿ ಇನ್ನೂ ಇದೆ, ಅದು ಬಾಷ್ ಆಗಿ ವರ್ಷಗಳೇ ಕಳೆದಿದ್ದರೂ. ದ್ರಾಕ್ಷಿತೋಟಗಳ ನಡುವಿನ, ವಿಲ್ಡೆಕ್ ಕೋಟೆಯ ಕೆಳಗಿನ ಈ ಸಣ್ಣ ಊರಿಗೆ 2004ರಲ್ಲಿ ಬಾಷ್‌ನ ಅಭಿವೃದ್ಧಿ ಕೇಂದ್ರ ಬಂತು; ಅದರ ಬೆನ್ನಿಗೆ ಬ್ರೇಕು, ಸ್ಟೆಬಿಲಿಟಿ ಕಂಟ್ರೋಲ್ ಕೆಲಸ ಹಿಡಿದು ನಮ್ಮ ಹುಡುಗರು, ಹುಡುಗಿಯರು ಬಂದರು. ಬಂದವರ ಜೊತೆ ಅವರ ಕರುಳೂ ಬಂತು!

ಇದು ಬರೀ ತಮಾಷೆಯ ಮಾತಲ್ಲ. ಉರಿಯೂತದ ಕರುಳಿನ ಕಾಯಿಲೆ, ಅಂದರೆ ಐಬಿಡಿ, ಬಿಳಿಯರ ಕಾಯಿಲೆ ಎಂದು ಬಹುಕಾಲ ನಂಬಲಾಗಿತ್ತು. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಒಂದು. ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಕಾಣಿಸಿಕೊಂಡು ಕರುಳಿನ ಗೋಡೆಯ ಆಳಕ್ಕೆ ಇಳಿಯುವ ಕ್ರೋನ್ಸ್ ಇನ್ನೊಂದು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿದ ಭಾರತೀಯರಲ್ಲಿ ಕೊಲೈಟಿಸ್ ಅಲ್ಲಿನ ಮೂಲ ನಿವಾಸಿಗಳಿಗಿಂತ ಹೆಚ್ಚು ಕಾಣುತ್ತಿದೆ ಎಂದು 1990ರ ದಶಕದ ಆರಂಭದಲ್ಲೇ ವರದಿಯಾಯಿತು. ಪಂಜಾಬಿನ ಲುಧಿಯಾನದಲ್ಲಿ ಅಜಿತ್ ಸೂದ್ ಮತ್ತು ಸಂಗಡಿಗರು ಮನೆಮನೆ ಸಮೀಕ್ಷೆ ಮಾಡಿ, ಒಂದು ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಕೊಲೈಟಿಸ್ ಇದೆ ಎಂದು 2003ರಲ್ಲಿ ಪ್ರಕಟಿಸಿದರು. ಕಾಯಿಲೆ ನಮ್ಮಲ್ಲೂ ಇತ್ತು, ಹುಡುಕುವವರು ಇರಲಿಲ್ಲ.

ಈಗ ರಕ್ತದ ವಿಷಯಕ್ಕೆ ಬರೋಣ. ಕೊಲೊನೊಸ್ಕೋಪಿ ಯಾರಿಗೂ ಬೇಡ. ಹಿಂದಿನ ದಿನದ ಭೇದಿ ಔಷಧ ಕುಡಿದವರಿಗೇ ಗೊತ್ತು ಅದರ ಪಾಡು. ಹಾಗಾಗಿ ‘ತೋಳಿನಿಂದ ಒಂದಿಷ್ಟು ರಕ್ತ ತೆಗೆದುಕೊಂಡು ಎಲ್ಲ ಹೇಳಿಬಿಡಬಾರದೇ ಡಾಕ್ಟ್ರೇ?’ ಎಂಬ ಪ್ರಶ್ನೆ ನ್ಯಾಯವಾದದ್ದೇ.

ರಕ್ತದ ಬಿಳಿ ಕಣಗಳಲ್ಲಿ ಎರಡು ಬೇರೆ ಬೇರೆ ಸಂಗತಿ ಓದಬಹುದು, ಇವೆರಡನ್ನು ಕಲಸಿಕೊಳ್ಳಬಾರದು. ಹುಟ್ಟಿನಿಂದ ಬಂದ ಜೀನ್‌ಗಳ ಅಕ್ಷರ ಒಂದು. ಅದು ಇವತ್ತಿಗೂ ನಾಳೆಗೂ ಅದೇ. ಆ ಸುಮಾರು ಇಪ್ಪತ್ತು ಸಾವಿರ ಜೀನ್‌ಗಳಲ್ಲಿ ಈ ಹೊತ್ತು ಯಾವುದು ಎಷ್ಟು ಕೆಲಸ ಮಾಡುತ್ತಿದೆ ಎಂಬುದು ಇನ್ನೊಂದು. ಕೆಲಸ ಮಾಡುವ ಜೀನ್ ತನ್ನ ಪ್ರತಿಯಾಗಿ ಆರ್‌ಎನ್‌ಎ ಬರೆಯುತ್ತದೆ, ಆ ಆರ್‌ಎನ್‌ಎ ಎಣಿಸಿದರೆ ಚಟುವಟಿಕೆ ಗೊತ್ತಾಗುತ್ತದೆ. ಜ್ವರ ಬಂದರೆ ಅದು ಬದಲು, ಸ್ಟೀರಾಯ್ಡ್ ನುಂಗಿದರೆ ಬದಲು.

ಎಷ್ಟು ಚಂಚಲವೆಂದರೆ, ಈ ಪರೀಕ್ಷೆಗೆ ರಕ್ತ ಹಿಡಿಯುವ ಕೊಳವೆಯೇ ಬೇರೆ. ಎರಡೂವರೆ ಮಿಲಿಲೀಟರ್ ರಕ್ತಕ್ಕೆ ಸುಮಾರು ಏಳು ಮಿಲಿಲೀಟರ್ ದ್ರಾವಣ ಅದರೊಳಗೆ ಮೊದಲೇ ಕಾದಿರುತ್ತದೆ. ರಕ್ತ ತುಂಬಿದೊಡನೆ ಕೊಳವೆಯನ್ನು ಎಂಟು ಹತ್ತು ಬಾರಿ ನಿಧಾನವಾಗಿ ಮೇಲೆ ಕೆಳಗೆ ಮಾಡಿ, ಕನಿಷ್ಠ ಎರಡು ಗಂಟೆ ಹೊರಗೇ ಇಡಬೇಕು. ಹಾಗೆ ಮಾಡದಿದ್ದರೆ ಮೈಯಿಂದ ಹೊರಬಿದ್ದ ಕಣಗಳು ಕೊಳವೆಯೊಳಗೂ ಹೊಸ ಆರ್‌ಎನ್‌ಎ ಬರೆಯುತ್ತಲೇ ಇರುತ್ತವೆ, ಹಳೆಯದು ಕರಗುತ್ತಿರುತ್ತದೆ. ನಾವು ಓದುವುದು ರೋಗಿಯ ಸ್ಥಿತಿಯನ್ನಲ್ಲ, ಕೊಳವೆಯ ಸ್ಥಿತಿಯನ್ನು. ಇನ್ನೊಂದು ತೊಡಕೂ ಇದೆ. ಎಳೆಯ ಕೆಂಪು ಕಣಗಳಲ್ಲಿ ಉಳಿದ ಹಿಮೊಗ್ಲೋಬಿನ್ನಿನ ಆರ್‌ಎನ್‌ಎಯೇ ಇಡೀ ರಕ್ತದಲ್ಲಿ ಸಿಂಹಪಾಲು. ಅದನ್ನು ತೆಗೆದುಹಾಕದಿದ್ದರೆ ರೋಗನಿರೋಧಕ ಕಣಗಳ ಸುದ್ದಿ ಕೇಳಿಸುವುದೇ ಇಲ್ಲ.

ಅಬ್‌ಸ್ಟಾಟ್‌ನವರಿಗೆ ಇದನ್ನು ನಿಮ್ಮದೇ ಕೆಲಸದ ಮಾತಿನಲ್ಲಿ ಹೇಳಬಹುದು. ಎಬಿಎಸ್ ಬ್ರೇಕಿಗೆ ರಸ್ತೆ ಕಾಣುವುದಿಲ್ಲ. ಚಕ್ರ ತಿರುಗುವ ವೇಗ ನೋಡಿ ರಸ್ತೆ ಜಾರುತ್ತಿದೆ ಎಂದು ಊಹಿಸುತ್ತದೆ. ತೋಳಿನ ರಕ್ತವೂ ಹಾಗೆಯೇ ಕರುಳನ್ನು ಊಹಿಸುತ್ತದೆ. ಕರುಳಿನ ಗೋಡೆ ಸೇರಿ ಗದ್ದಲ ಮಾಡುತ್ತಿರುವ ಟಿ ಕಣಗಳೆಂಬ ಬಿಳಿ ಕಣಗಳು ರಕ್ತದಲ್ಲಿಲ್ಲ; ಅಲ್ಲಿಗೆ ಹೊರಟವು, ಅಲ್ಲಿಂದ ಬಂದವು ಮಾತ್ರ ಸಿಗುತ್ತವೆ. ಕರುಳಿಗೆ ಹೋಗುವ ಕಣಗಳ ಮೇಲೆ ಆಲ್ಫಾ4-ಬೀಟಾ7 ಎಂಬ ಗುರುತಿರುತ್ತದೆ. ಆ ಗುರುತನ್ನೇ ಮುಚ್ಚಿ ಅವನ್ನು ಹೊರಗೇ ತಡೆಯುವ ವೆಡೋಲಿಝುಮ್ಯಾಬ್ ಔಷಧ 2014ರಿಂದ ಬಳಕೆಯಲ್ಲಿದೆ.

ಗೋಡೆಯಲ್ಲೇ ಹುಡುಕಿದವರು ನಮ್ಮ ಪಕ್ಕದಲ್ಲೇ ಇದ್ದರು. ಸ್ಟುಟ್‌ಗಾರ್ಟ್‌ನ ರಾಬರ್ಟ್ ಬಾಷ್ ಆಸ್ಪತ್ರೆಯನ್ನು ಕಂಪನಿಯ ಸ್ಥಾಪಕರೇ 1940ರಲ್ಲಿ ತೆರೆದರು. ಅದಕ್ಕೆ ಸೇರಿದ ಮಾರ್ಗರೆಟೆ ಫಿಷರ್-ಬಾಷ್ ಸಂಶೋಧನಾ ಸಂಸ್ಥೆ 1973ರದ್ದು. ಇಲ್ಲಿ ಎಡುವರ್ಡ್ ಸ್ಟಾಂಗೆ, ಯಾನ್ ವೇಕಾಂಪ್ ಮತ್ತು ಸಂಗಡಿಗರು ಸಣ್ಣ ಕರುಳಿನ ಕುಳಿಗಳ ತಳದಲ್ಲಿ ಕೂತಿರುವ ಪ್ಯಾನೆತ್ ಕೋಶಗಳ ಮೇಲೆ ಕಣ್ಣಿಟ್ಟರು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಕೋಶಗಳ ತುಂಬ ಕೆಂಪು ಹರಳುಗಳು ಕಾಣುತ್ತವೆ. ಬ್ಯಾಕ್ಟೀರಿಯಾ ಕೊಲ್ಲುವ ಡಿಫೆನ್ಸಿನ್ ಎಂಬ ವಸ್ತು ಇರುವುದು ಅವುಗಳಲ್ಲೇ. ಸಣ್ಣ ಕರುಳಿನ ಕೊನೆಯ ಭಾಗದ ಕ್ರೋನ್ಸ್‌ನಲ್ಲಿ ಈ ಡಿಫೆನ್ಸಿನ್ ಕಡಿಮೆಯಾಗಿರುತ್ತದೆ ಎಂದು 2005ರಲ್ಲಿ ಅವರು ತೋರಿಸಿದರು. ರೋಗನಿರೋಧಕ ಶಕ್ತಿ ಅತಿಯಾದ್ದರಿಂದಲೇ ಕ್ರೋನ್ಸ್ ಎಂದು ಎಲ್ಲರೂ ಹೇಳುತ್ತಿದ್ದಾಗ, ಮೊದಲ ಕಾವಲು ಸೋತದ್ದೇ ಮೂಲ ಎಂದರು ಸ್ಟುಟ್‌ಗಾರ್ಟ್‌ನವರು. ಉರಿಯೂತದಿಂದ ಡಿಫೆನ್ಸಿನ್ ತಗ್ಗಿದೆಯೇ ಹೊರತು ತಗ್ಗಿದ್ದರಿಂದ ಉರಿಯೂತವಲ್ಲ ಎಂದು ಆಸ್ಟ್ರೇಲಿಯಾದವರು ಮರುವಾದ ಹೂಡಿದರು. ನನ್ನ ಒಲವು ಸ್ಟುಟ್‌ಗಾರ್ಟ್ ಕಡೆಗೆ, ಹತ್ತಿರದವರೆಂದಲ್ಲ. 2001ರಲ್ಲಿ ಸಿಕ್ಕ ಕ್ರೋನ್ಸ್‌ನ ಮೊದಲ ಜೀನ್ ಎನ್‌ಒಡಿ2 ಕೂಡ ಬ್ಯಾಕ್ಟೀರಿಯಾ ಗುರುತಿಸುವ ಕೆಲಸದ್ದೇ. ಒಂದು ಮಾತು ಸೇರಿಸಬೇಕು: ಯುರೋಪಿನಲ್ಲಿ ಹೆಸರಾದ ಎನ್‌ಒಡಿ2ರ ಆ ಮೂರು ಬದಲಾವಣೆಗಳು ಭಾರತೀಯರಲ್ಲಿ ತೀರಾ ವಿರಳ.

ರಕ್ತದಲ್ಲೇ ಭವಿಷ್ಯ ಓದುವ ಪ್ರಯತ್ನ ಕೇಂಬ್ರಿಡ್ಜ್‌ನಲ್ಲಿ ನಡೆಯಿತು. ಸಿಡಿ8 ಟಿ ಕಣಗಳ ಜೀನ್ ಚಟುವಟಿಕೆ ನೋಡಿ, ಯಾರ ಕಾಯಿಲೆ ಮತ್ತೆ ಮತ್ತೆ ಕೆರಳುತ್ತದೆ, ಯಾರದು ಮೆತ್ತಗಿರುತ್ತದೆ ಎಂದು ವಿಂಗಡಿಸಬಹುದೆಂದು 2011ರಲ್ಲಿ ಅಲ್ಲಿನ ಸಂಶೋಧಕರು ಹೇಳಿದರು. 2019ರ ಹೊತ್ತಿಗೆ ಅದನ್ನು 17 ಜೀನ್‌ಗಳ ಸರಳ ರಕ್ತಪರೀಕ್ಷೆಯಾಗಿ ಇಳಿಸಿದರು. ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ಅವರು ಮಾಡಿದ್ದು ಮೆಚ್ಚತಕ್ಕ ಕೆಲಸ: ತಮ್ಮ ಪರೀಕ್ಷೆಯನ್ನು ತಾವೇ ಒರೆಗೆ ಹಚ್ಚಿದರು. ಬ್ರಿಟನ್ನಿನಲ್ಲಿ ಹೊಸದಾಗಿ ಕ್ರೋನ್ಸ್ ಪತ್ತೆಯಾದ 386 ಮಂದಿಯನ್ನು ‘ಪ್ರೊಫೈಲ್’ ಎಂಬ ಪ್ರಯೋಗಕ್ಕೆ ಸೇರಿಸಿದರು. ಅರ್ಧ ಜನಕ್ಕೆ ಮೊದಲಿಂದಲೇ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಬಲವಾದ ಔಷಧ ಮತ್ತು ಅದರ ಜೊತೆ ರೋಗನಿರೋಧಕ ತಗ್ಗಿಸುವ ಮಾತ್ರೆ. ಉಳಿದವರಿಗೆ ಕಾಯಿಲೆ ಮರಳಿದ ಹಾಗೆಲ್ಲ ಒಂದೊಂದು ಮೆಟ್ಟಿಲು ಏರಿಸುವ ಕ್ರಮ. 2024ರಲ್ಲಿ ಫಲಿತಾಂಶ ಬಂತು. ರಕ್ತಪರೀಕ್ಷೆಯ ವಿಂಗಡಣೆಯಿಂದ ಚಿಕಿತ್ಸೆಯ ಆಯ್ಕೆಗೆ ಏನೂ ಪ್ರಯೋಜನವಾಗಲಿಲ್ಲ. ಆದರೆ ಮೊದಲಿಂದಲೇ ಬಲವಾದ ಔಷಧ ಪಡೆದವರಲ್ಲಿ ನೂರಕ್ಕೆ 79 ಮಂದಿ ಸ್ಟೀರಾಯ್ಡ್, ಶಸ್ತ್ರಚಿಕಿತ್ಸೆ ಎರಡೂ ಇಲ್ಲದೆ ವರ್ಷವಿಡೀ ನೆಮ್ಮದಿಯಾಗಿದ್ದರು; ಮೆಟ್ಟಿಲು ಹತ್ತಿದವರಲ್ಲಿ 15 ಮಂದಿ. ರಕ್ತ ಸೋತಿತು, ರೋಗಿ ಗೆದ್ದ.

ಹಾಗಾದರೆ ರಕ್ತಪರೀಕ್ಷೆ ದಂಡವೇ? ಅಲ್ಲ. ದೊಡ್ಡ ಭವಿಷ್ಯ ಕೇಳಿದಾಗ ಎಡವುವ ರಕ್ತ, ಚಿಕ್ಕ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ನಮ್ಮವರಿಗೆ ಅಂಥ ಎರಡು ಪ್ರಶ್ನೆ ಮುಖ್ಯ.

ಒಂದು, ಅಝಥಯೋಪ್ರಿನ್ ಮಾತ್ರೆ. ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಕಂಡುಹಿಡಿದ ಈ ಹಳೆಯ ಔಷಧ ಇಂದಿಗೂ ಚಲಾವಣೆಯಲ್ಲಿದೆ, ಅಗ್ಗವೂ ಹೌದು. ಕೆಲವರಲ್ಲಿ ಅದು ಮೂಳೆಮಜ್ಜೆಯನ್ನೇ ಕುಗ್ಗಿಸಿ ಬಿಳಿ ಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಯುರೋಪಿನವರಲ್ಲಿ ಇದಕ್ಕೆ ಗೊತ್ತಿರುವ ಮುಖ್ಯ ಆನುವಂಶಿಕ ಕಾರಣ ಟಿಪಿಎಂಟಿ ಎಂಬ ಜೀನ್; ಸುಮಾರು ಮುನ್ನೂರರಲ್ಲಿ ಒಬ್ಬರಲ್ಲಿ ಆ ಜೀನ್ ತಯಾರಿಸುವ ಕಿಣ್ವ ಕೆಲಸವನ್ನೇ ಮಾಡುವುದಿಲ್ಲ. ಅದರ ಮೇಲೆ ಆಳವಾಗಿ ಕೆಲಸ ಮಾಡಿದವರಲ್ಲಿ ನಾನು ಹೇಳಿದ ಸ್ಟುಟ್‌ಗಾರ್ಟ್ ಸಂಸ್ಥೆಯವರೂ ಇದ್ದಾರೆ. ಆದರೆ ನಮಗೆ ಅಷ್ಟು ಸಾಲದು. ಎನ್‌ಯುಡಿಟಿ15 ಎಂಬ ಇನ್ನೊಂದು ಜೀನಿನ ಬದಲಾವಣೆಯೂ ಇದೇ ಅಪಾಯ ತರುತ್ತದೆ ಎಂದು 2014ರಲ್ಲಿ ಕೊರಿಯಾದ ರೋಗಿಗಳಲ್ಲಿ ಗೊತ್ತಾಯಿತು. ಅದು ಯುರೋಪಿನವರಲ್ಲಿ ಅಪರೂಪ, ಪೂರ್ವ ಏಷ್ಯಾ ಮತ್ತು ನಮ್ಮ ದಕ್ಷಿಣ ಏಷ್ಯಾದವರಲ್ಲಿ ಸಾಮಾನ್ಯ. ಟಿಪಿಎಂಟಿ ವರದಿ ಸರಿಯಿದೆ ಎಂದು ನಿಶ್ಚಿಂತೆಯಿಂದ ಪೂರ್ತಿ ಪ್ರಮಾಣ ನುಂಗಿದ ಭಾರತೀಯ ಕಷ್ಟಕ್ಕೆ ಸಿಕ್ಕಬಹುದು. ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ತಲೆಗೂದಲು ಹಿಡಿ ಹಿಡಿಯಾಗಿ ಬಂದರೆ ಅದು ಎಣ್ಣೆ ಬದಲಿಸುವ ಸಮಯವಲ್ಲ, ಅದೇ ದಿನ ಬಿಳಿ ಕಣ ಎಣಿಸಬೇಕಾದ ಸಮಯ.

ಎರಡು, ಕ್ಷಯ. ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ಅಡಗಿದ್ದ ಕ್ಷಯ ಎದ್ದ 70 ಪ್ರಕರಣಗಳು 2001ರಲ್ಲೇ ವರದಿಯಾದವು. ನಮ್ಮೆಲ್ಲರ ಎಡತೋಳಿನ ಮೇಲೆ ಬಿಸಿಜಿ ಲಸಿಕೆಯ ಕಲೆ ಇದೆ. ಅದರಿಂದ ಚರ್ಮದ ಪರೀಕ್ಷೆ ಸುಳ್ಳು ಹೇಳಬಹುದು. ಇಂಟರ್‌ಫೆರಾನ್-ಗಾಮಾ ರಕ್ತಪರೀಕ್ಷೆ ಹಾಗಲ್ಲ. ಬಿಸಿಜಿಯಲ್ಲಿ ಇಲ್ಲದ ಕ್ಷಯದ ತುಣುಕುಗಳನ್ನು ನಿಮ್ಮ ಬಿಳಿ ಕಣಗಳಿಗೆ ತೋರಿಸಿ, ಅವು ಹಳೆಯ ಪರಿಚಯದಿಂದ ಕೆರಳುತ್ತವೆಯೇ ಎಂದು ನೋಡುತ್ತದೆ. ಸ್ಟೀರಾಯ್ಡ್ ಶುರುವಾದ ಮೇಲೆ ಕಣಗಳೇ ಮಂಕಾಗುವುದರಿಂದ, ಮೊದಲೇ ಮಾಡಿಸಿಕೊಳ್ಳುವುದು ಲೇಸು. ಭಾರತದಲ್ಲಂತೂ ಕರುಳಿನ ಕ್ಷಯವೋ ಕ್ರೋನ್ಸೋ ಎಂಬುದೇ ವೈದ್ಯರಿಗೆ ದೊಡ್ಡ ತಲೆನೋವು, ಎರಡೂ ನೋಡಲು ಒಂದೇ ಥರ. ರಕ್ತದಲ್ಲಿ ಉರಿಯೂತ ತಣಿಸುವ ಫಾಕ್ಸ್‌ಪಿ3 ಟಿ ಕಣಗಳು ಕರುಳಿನ ಕ್ಷಯದವರಲ್ಲಿ ಹೆಚ್ಚಿರುತ್ತವೆ ಎಂದು ದೆಹಲಿಯ ಏಮ್ಸ್ ತಂಡ 2018ರಲ್ಲಿ ತೋರಿಸಿದೆ. ಕೇಂಬ್ರಿಡ್ಜ್‌ನ ಪ್ರಯತ್ನಕ್ಕಿಂತ ನನಗೆ ಇದರ ಮೇಲೆ ಭರವಸೆ ಜಾಸ್ತಿ. ಪ್ರಶ್ನೆ ಚಿಕ್ಕದು, ನಮ್ಮದು.

ಇಲ್ಲಿನ ಡಾಕ್ಟರು ಇವನ್ನೆಲ್ಲ ಬಲ್ಲವರೇ, ಆದರೆ ಅವರ ಹೆಚ್ಚಿನ ರೋಗಿಗಳು ಜರ್ಮನರು. ಆದ್ದರಿಂದ ಕೇಳುವುದು ನಿಮ್ಮ ಪಾಲಿನ ಕೆಲಸ. ಮಲದಲ್ಲಿ ರಕ್ತ, ವಾರಗಟ್ಟಲೆ ಭೇದಿ, ಕಾರಣವಿಲ್ಲದೆ ಇಳಿಯುವ ತೂಕ, ಇವುಗಳಲ್ಲಿ ಒಂದಿದ್ದರೂ ಹೌಸ್‌ಆರ್ಟ್ಸ್ಟ್, ಅಂದರೆ ಕುಟುಂಬ ವೈದ್ಯರ ಹತ್ತಿರ ಹೋಗಿ ಕರುಳಿನ ಉರಿಯೂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಕೇಳಿ, ತಜ್ಞರಿಗೆ ಊಬರ್‌ವೈಜುಂಗ್, ಅಂದರೆ ಶಿಫಾರಸು ಪತ್ರ ಬರೆಸಿಕೊಳ್ಳಿ. ಅಝಥಯೋಪ್ರಿನ್ ಬರೆದರೆ ಟಿಪಿಎಂಟಿ ಜೊತೆ ಎನ್‌ಯುಡಿಟಿ15 ಕೂಡ ನೋಡಿ ಎನ್ನಿ. ಜೀನ್ ಪರೀಕ್ಷೆಗೆ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ; ಅದು 2010ರಿಂದ ಇಲ್ಲಿನ ಕಾನೂನು, ಗಾಬರಿ ಬೇಡ. ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದಿದ್ದರೆ ಮುಚ್ಚಿಡದೆ ಹೇಳಿ. ನಡೆಯುತ್ತಿರುವ ಮಾತ್ರೆಯನ್ನು ಈ ಉಪನ್ಯಾಸ ಕೇಳಿ ನಿಲ್ಲಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.