ಬಟಾಣಿಯಷ್ಟು ಗ್ರಂಥಿ



ಸುವರ್ಣ ಮಹೋತ್ಸವದಲ್ಲಿ ಆರೋಗ್ಯದ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯವರು ಹೇಳಿದರು. ನಾವೆಲ್ಲ ಹೈಸ್ಕೂಲಿನ ವಿಜ್ಞಾನದಲ್ಲಿ ಓದಿ ಮರೆತ ಪಿಟ್ಯುಟರಿ ಗ್ರಂಥಿಯನ್ನೇ ಆರಿಸಿಕೊಂಡಿದ್ದೇನೆ. ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಗ್ರಂಥಿ ಇದು. ಬೆಳವಣಿಗೆ, ಮುಟ್ಟು, ಎದೆಹಾಲು, ಥೈರಾಯ್ಡ್ ಎಲ್ಲಕ್ಕೂ ಇದರ ಅಪ್ಪಣೆ ಬೇಕು.

ಇದರಲ್ಲಿ ಗಡ್ಡೆ ಬೆಳೆಯುವುದುಂಟು. ಬಹುಪಾಲು ಗಡ್ಡೆಗಳು ಕ್ಯಾನ್ಸರ್ ಅಲ್ಲ. ತೊಂದರೆಯೆಂದರೆ, ಅವು ಸದ್ದಿಲ್ಲದೆ, ನಿಧಾನವಾಗಿ ಬರುತ್ತವೆ.

ಬೆಳವಣಿಗೆಯ ಹಾರ್ಮೋನು ಹೆಚ್ಚಾದರೆ ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ಅಳತೆ ಏರುತ್ತದೆ, ಮೂಗು ದಪ್ಪವಾಗಿ ದವಡೆ ಮುಂದೆ ಬರುತ್ತದೆ. 1886ರಲ್ಲಿ ಫ್ರಾನ್ಸಿನ ವೈದ್ಯ ಪಿಯರ್ ಮಾರಿ ಇದಕ್ಕೆ ಅಕ್ರೋಮೆಗಲಿ ಎಂದು ಹೆಸರಿಟ್ಟರು. ದಿನವೂ ನೋಡುವ ಮನೆಯವರಿಗೆ ಈ ಬದಲಾವಣೆ ಕಾಣುವುದಿಲ್ಲ. ವರ್ಷಗಳ ನಂತರ ಬಂದವರಿಗೆ ಕಾಣುತ್ತದೆ. ಅದಕ್ಕೇ ನಾವು ವೈದ್ಯರು ಹಳೆಯ ಫೋಟೋ ತರಲು ಹೇಳುತ್ತೇವೆ. ಇವತ್ತು ನೀವೆಲ್ಲ ಹಳೆಯ ಗ್ರೂಪ್ ಫೋಟೋಗಳಲ್ಲಿ ಗೆಳೆಯರನ್ನು ಹುಡುಕುತ್ತಿದ್ದೀರಿ. ಕೂದಲು ಎಲ್ಲರದೂ ನೆರೆತಿದೆ. ಆದರೆ ಯಾರದಾದರೂ ಮುಖದ ಅಚ್ಚೇ ಬದಲಾಗಿದ್ದರೆ ತಮಾಷೆ ಮಾಡದೆ, ಪಕ್ಕಕ್ಕೆ ಕರೆದು ಹೇಳಿ. ಹಾಗೇ ಬಿಟ್ಟರೆ ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಬರುತ್ತವೆ.

ಇನ್ನೊಂದು ಬಗೆ ನಾಚಿಕೆಯಲ್ಲೇ ಮುಚ್ಚಿಹೋಗುತ್ತದೆ. ಬಸುರಿಯಲ್ಲ, ಬಾಣಂತಿಯಲ್ಲ, ಆದರೂ ಮುಟ್ಟು ನಿಂತು ಎದೆಯಲ್ಲಿ ಹಾಲು ಬರುತ್ತದೆ, ಮಕ್ಕಳಾಗುವುದಿಲ್ಲ. ಹರಕೆ ಹೊರುವುದಾದರೆ ಹೊರಿ. ಜೊತೆಗೆ ಪ್ರೊಲ್ಯಾಕ್ಟಿನ್ ರಕ್ತಪರೀಕ್ಷೆಯನ್ನೂ ಮಾಡಿಸಿ. ಈ ಗಡ್ಡೆ ಹೆಚ್ಚಿನವರಲ್ಲಿ ಕ್ಯಾಬರ್ಗೋಲಿನ್ ಮಾತ್ರೆಯಿಂದಲೇ ಕುಗ್ಗುತ್ತದೆ.

ಗಡ್ಡೆ ದೊಡ್ಡದಾದರೆ ಕಣ್ಣಿನ ನರವನ್ನು ಒತ್ತುತ್ತದೆ. ಎದುರಿನದು ಕಂಡರೂ ಎರಡೂ ಪಕ್ಕ ಮಸುಕು. ಬಾಗಿಲ ಚೌಕಟ್ಟು ಭುಜಕ್ಕೆ ತಾಗುತ್ತದೆ, ಪಕ್ಕದಿಂದ ಬಂದ ಬೈಕು ಕಾಣುವುದಿಲ್ಲ. ಇದು ಕನ್ನಡಕ ಬದಲಿಸಿದರೆ ಸರಿಹೋಗದು. ತಡವಾದಷ್ಟೂ ಹೋದ ದೃಷ್ಟಿ ಮರಳುವುದು ಕಷ್ಟ.

ಇಂಥ ಲಕ್ಷಣ ಕಂಡರೆ ಮೊದಲು ಸಾಗರದ ಸರ್ಕಾರಿ ಆಸ್ಪತ್ರೆಯಲ್ಲೋ ಹತ್ತಿರದ ವೈದ್ಯರಲ್ಲೋ ತೋರಿಸಿ. ಹಾರ್ಮೋನಿನ ರಕ್ತಪರೀಕ್ಷೆ, ಎಂ.ಆರ್.ಐ. ಮಾಡಿದರೆ ಗೊತ್ತಾಗುತ್ತದೆ. ಆಪರೇಷನ್ ಬೇಕಾದರೂ ಸಾಮಾನ್ಯವಾಗಿ ತಲೆಬುರುಡೆ ತೆರೆಯುವುದಿಲ್ಲ, ಮೂಗಿನ ಮೂಲಕವೇ ಗಡ್ಡೆ ತೆಗೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಟ್ಟರೆ, ಅದು ಮಾನಸಿಕ ಆಸ್ಪತ್ರೆಯೆಂದು ಹಿಂಜರಿಯಬೇಡಿ. ಅಲ್ಲಿ ಮಿದುಳು, ನರಗಳ ಶಸ್ತ್ರಚಿಕಿತ್ಸೆಯೂ ನಡೆಯುತ್ತದೆ.

ಕೊನೆಯದಾಗಿ, ಆಪರೇಷನ್ ಆದ ಕೆಲವರಿಗೆ ಜೀವನವಿಡೀ ಹೈಡ್ರೋಕಾರ್ಟಿಸೋನ್ ಮಾತ್ರೆ ಬೇಕಾಗುತ್ತದೆ. ಚೆನ್ನಾಗಿದ್ದೇನೆಂದು ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಜ್ವರ ಬಂದಾಗ ವೈದ್ಯರು ಹೇಳಿದಂತೆ ಹೆಚ್ಚಿಸಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕೂಡಲೇ ಇಂಜೆಕ್ಷನ್ ಕೊಡಿಸಬೇಕು. ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ. ಮರ ಬಿದ್ದು ರಸ್ತೆ ಕಟ್ಟುವ ಮೊದಲೇ ಎರಡು ತಿಂಗಳ ಮಾತ್ರೆ ತಂದಿಟ್ಟುಕೊಳ್ಳಿ.