ಊರಿನ ದೀಪ, ಮುಂಬಯಿಯ ದೀಪ



ಇಂದು ನಾನು ಮಾತಾಡುವುದು ಕಾಪುವಿನ ದೀಪಸ್ತಂಭದ ಬಗ್ಗೆ. ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿ.ಮೀ. ದೂರದ ಕಡಲತಡಿಯಲ್ಲಿ, ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಈ ಲೈಟ್‌ಹೌಸ್ ಇಂದಿಗೂ ನಿಂತಿದೆ. ರಜೆಯಲ್ಲಿ ಊರಿಗೆ ಹೋದಾಗ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ನಮ್ಮಲ್ಲಿ ಅನೇಕರಿದ್ದೀರಿ. ಆದರೆ ಅದನ್ನು ಕಟ್ಟಿದ್ದು ದಡದಲ್ಲಿರುವ ನಮಗಾಗಿ ಅಲ್ಲ, ಕಡಲಿನಲ್ಲಿ ಇರುವವರಿಗಾಗಿ.

ಒಂದೊಂದು ದೀಪಸ್ತಂಭಕ್ಕೂ ತನ್ನದೇ ಮಿನುಗು ಇರುತ್ತದೆ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಬೆಳಕು ಬರುತ್ತದೆ ಎಂದು ಎಣಿಸಿ, ಇದು ಯಾವ ಊರಿನ ದೀಪವೆಂದು ನಾವಿಕರು ಗುರುತಿಸುತ್ತಾರೆ. ವಿದ್ಯುತ್ ಬರುವ ಮೊದಲು ಅಲ್ಲಿ ಉರಿಯುತ್ತಿದ್ದುದು ಎಣ್ಣೆಯ ದೀಪ. ಗಾಜಿನ ಮಸಿ ಒರೆಸಬೇಕು, ರಾತ್ರಿಯಿಡೀ ಎಚ್ಚರವಿದ್ದು ಕಾಯಬೇಕು.

ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಬಹಳ ಹಿಂದೆ ನಮ್ಮ ಹಿರಿಯರಲ್ಲಿ ಅನೇಕರು ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿಗೆ ಬಂದರು. ಮಂಗಳೂರು ಬಿಟ್ಟು ಉತ್ತರಕ್ಕೆ ಹೊರಟರೆ ದಾರಿಯಲ್ಲಿ ಕಾಪು. ಇತ್ತ ಕೊನೆಯಲ್ಲಿ, ಕೊಲಾಬಾದ ತುದಿಯಾಚೆ ಕಡಲೊಳಗೆ 1875ರ ಪ್ರಾಂಗ್ಸ್ ದೀಪಸ್ತಂಭ. ಒಂದು ದೀಪ ಊರು ಬಿಟ್ಟದ್ದರ ಗುರುತು, ಇನ್ನೊಂದು ಮುಂಬಯಿ ಬಂದದ್ದರ ಗುರುತು.

ಹಾಗೆ ಬಂದ ಗಂಡಸರ ಹೋಟೆಲು ಕೆಲಸ, ರಾತ್ರಿ ಶಾಲೆಯ ಕಥೆಗಳನ್ನು ನಾವು ಎಷ್ಟೋ ಸಲ ಓದಿದ್ದೇವೆ. ಕಂಕುಳಲ್ಲಿ ಮಗು, ಗಂಟಿನಲ್ಲಿ ಕುಚ್ಚಲಕ್ಕಿ ಹಿಡಿದು ಬಂದ ಹೆಂಗಸರ ಕಥೆ?

ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಐಡಾ ಲೂಯಿಸ್ ಎಂಬ ಹುಡುಗಿ ಇದ್ದಳು. ದೀಪ ಕಾಯುವ ತಂದೆ ಪಾರ್ಶ್ವವಾಯುವಿನಿಂದ ಮಲಗಿದಾಗ, ತಾಯಿಯ ಜೊತೆ ಲೈಮ್ ರಾಕ್ ದೀಪವನ್ನು ಆಕೆಯೇ ನೋಡಿಕೊಂಡಳು. ಮುಳುಗುತ್ತಿದ್ದವರನ್ನು ದೋಣಿಯಲ್ಲಿ ಹೋಗಿ ಎತ್ತಿ ತಂದಳು. ಸರಕಾರ ಆಕೆಯನ್ನು ಅಧಿಕೃತವಾಗಿ ನೇಮಿಸಿದ್ದು 1879ರಲ್ಲಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದ ಮೇಲೆ. ಮನೆಗೆಲಸದಂತೆ ನಡೆದುಹೋಗುವ ಕೆಲಸ ಯಾರ ಲೆಕ್ಕಕ್ಕೂ ಬೇಗ ಸಿಗುವುದಿಲ್ಲ.

ನಮ್ಮ ಮನೆಗಳಲ್ಲಿ ಎಂಬತ್ತು ದಾಟಿದ ಅಜ್ಜಿಯರಿದ್ದಾರೆ. ಹಡಗಿನಲ್ಲಿ ಏನು ತಿಂದಿರಿ, ಮಕ್ಕಳನ್ನು ಹೇಗೆ ಮಲಗಿಸಿದಿರಿ, ಇಲ್ಲಿ ಮೊದಲ ಖೋಲಿ ಎಲ್ಲಿತ್ತು ಎಂದು ಕೇಳಿ. ತುಳುವಿನಲ್ಲಾಗಲಿ, ಕೊಂಕಣಿಯಲ್ಲಾಗಲಿ, ಕನ್ನಡದಲ್ಲಾಗಲಿ, ಅವರು ಹೇಳಿದಂತೆಯೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹಡಗಿನ ಪ್ರಯಾಣ ಕಂಡವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಒಬ್ಬೊಬ್ಬರು ಒಂದೊಂದು ಪುಟ ಬರೆದು ತಂದರೂ ಮುಂದಿನ ಸಂಚಿಕೆ ತುಂಬುತ್ತದೆ.