ಕೆಳಗಿನ ಕೋರ್ಟಿನ ಕುರ್ಚಿ

(ತುಮಕೂರಿನ ವಿದ್ಯಾರ್ಥಿ ಸಭೆಯಲ್ಲಿ ಆಡಿದ ಮಾತು)



ಗುಬ್ಬಿಯಿಂದ, ಕುಣಿಗಲ್ಲಿನಿಂದ ತಗಡಿನ ಟ್ರಂಕು ಹೊತ್ತು ಹಾಸ್ಟೆಲಿಗೆ ಬಂದವರು ನಾವು. ಕೋರ್ಟು ಅಂದರೆ ನಮಗೆ ನೆನಪಾಗೋದು ಅಪ್ಪ ಅವ್ವ ಕೈಕಟ್ಟಿ ನಿಂತ ವರಾಂಡ. 'ವಾಯಿದೆ' ಅಂದರೆ ಒಂದು ದಿನದ ಕೂಲಿ ಹೋಯ್ತು. ಒಳಗಿನ ಆ ಎತ್ತರದ ಕುರ್ಚಿಯಲ್ಲಿ ನಾವೂ ಕೂರಬಹುದು ಅಂತ ಯಾರೂ ನಮಗೆ ಹೇಳಲಿಲ್ಲ.

ಒಬ್ಬರು ಕೂತಿದ್ದರು. ಬೆಂಗಳೂರಿಂದ ಮದರಾಸಿಗೆ ಹೋಗುವ ದಾರಿಯ ಜೋಲಾರಪೇಟೆಯಲ್ಲಿ 1920ರಲ್ಲಿ ಹುಟ್ಟಿದ ದಲಿತರ ಮಗ ಎ. ವರದರಾಜನ್. 1949ರಲ್ಲಿ ಮುನ್ಸೀಫರಾದರು. ಮುನ್ಸೀಫ್ ಅಂದರೆ ಏಣಿಯ ಮೊದಲ ಮೆಟ್ಟಿಲು. ಬದುವಿನ ಜಗಳ, ಸಾಲದ ಪತ್ರ. ಅಲ್ಲಿಂದ ಜಿಲ್ಲಾ ನ್ಯಾಯಾಧೀಶರಾಗಿ, 1973ರಲ್ಲಿ ಮದರಾಸು ಹೈಕೋರ್ಟಿಗೆ, 1980ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಕೂತ ಮೊದಲ ದಲಿತ ಅವರೇ. ಬಾಬಾಸಾಹೇಬರು ರೂಪಿಸಿದ ಸಂವಿಧಾನ ಜಾರಿಗೆ ಬಂದು ಆಗಲೇ ಮೂವತ್ತು ವರ್ಷ ಕಳೆದಿತ್ತು.

ಆದರೆ ನಾವು ಇವತ್ತು ಕೇಳೋದು ದಿಲ್ಲಿಯ ಕುರ್ಚಿಯನ್ನಲ್ಲ, ಆ ಮೊದಲ ಮೆಟ್ಟಿಲನ್ನು. ಮೇಲಿನ ಕೋರ್ಟು ಹೆಚ್ಚಾಗಿ ಓದೋದು ಕಾಗದ. ಸಾಕ್ಷಿಯ ಮುಖ ನೋಡೋದು, ಅವನ ನಾಲಿಗೆ ಯಾಕೆ ತಡವರಿಸಿತು ಅಂತ ತಿಳಿಯೋದು ಕೆಳಗಿನ ಕೋರ್ಟು.

ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೋಲಾರದ ಕೋರ್ಟು ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕೆಳಗೆ ದಾಖಲಾಗದ ಮಾತು ಮೇಲೆ ಎಲ್ಲಿಂದ ಬರಬೇಕು? ನಮ್ಮ ಜಿಲ್ಲೆಯ ಗೋಪಾಲಪುರದಲ್ಲಿ 2010ರಲ್ಲಿ ಒಬ್ಬ ದಲಿತ ಹೆಣ್ಣುಮಗಳನ್ನು ಕೊಂದರು. ಇದೇ ತುಮಕೂರಿನ ಕೋರ್ಟು 2024ರ ನವೆಂಬರಿನಲ್ಲಿ 21 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಹದಿನಾಲ್ಕು ವರ್ಷ ಹಿಡಿಯಿತು, ನಿಜ. ಆದರೂ ಸಾಕ್ಷಿ ನಿಂತರೆ, ಕೇಳುವ ಕಿವಿ ಇದ್ದರೆ ಏನಾಗುತ್ತದೆ ಅಂತ ನಾವು ಕಂಡೆವು.

ನಮ್ಮವರು ಕೂತರೆ ನಮ್ಮ ಕಡೆ ವಾಲುತ್ತಾರೆ ಅಂತ ಕೆಲವರು ಗೊಣಗುತ್ತಾರೆ. ಅಮೆರಿಕದಲ್ಲಿ 1966ರಲ್ಲಿ ಫೆಡರಲ್ ನ್ಯಾಯಾಧೀಶರಾದ ಮೊದಲ ಕರಿಯ ಹೆಣ್ಣುಮಗಳು ಕಾನ್ಸ್‌ಟೆನ್ಸ್ ಬೇಕರ್ ಮೋಟ್ಲಿ. ಹೆಣ್ಣಿನ ವಿರುದ್ಧ ತಾರತಮ್ಯದ ಒಂದು ಕೇಸಿನಲ್ಲಿ, ನೀವು ಹೆಣ್ಣು, ಕರಿಯಳು, ಇದರಿಂದ ಸರಿಯಿರಿ ಅಂದರು. 1975ರಲ್ಲಿ ಆಕೆ ಕೊಟ್ಟ ಉತ್ತರದ ಸಾರ ಇಷ್ಟೇ: ಯಾವ ನ್ಯಾಯಾಧೀಶನಿಗೆ ಬಣ್ಣವಿಲ್ಲ, ಲಿಂಗವಿಲ್ಲ? ಆಕೆ ಸರಿಯಲಿಲ್ಲ. ನಾವೂ ಕೇಳೋಣ: ಇಷ್ಟು ಕಾಲ ಕೂತವರಿಗೆ ಜಾತಿ ಇರಲಿಲ್ಲವೇ?

ದಾರಿ ಸುಲಭ ಅಲ್ಲ. ಲಾ ಪದವಿ ಬೇಕು. 2025ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮೂರು ವರ್ಷ ವಕೀಲಿಯೂ ಬೇಕು. ಆ ಮೂರು ವರ್ಷ ಊಟ ಯಾರು ಹಾಕಬೇಕು? ಮನೆಯಲ್ಲಿ ಗದ್ದೆ ಇದ್ದವನು ಕಾಯುತ್ತಾನೆ, ಕೂಲಿಯವರ ಮಗ ಗುಮಾಸ್ತಿಕೆಗೆ ಓಡುತ್ತಾನೆ. ಈ ಪ್ರಶ್ನೆಯನ್ನು ನಾವು ಸರ್ಕಾರದ ಮುಂದೆ ಇಡಬೇಕು. ಅಲ್ಲೀವರೆಗೆ ಒಬ್ಬ ಓದುವವನಿಗೆ ಹತ್ತು ಜನ ನೌಕರಿಯವರು ಅನ್ನ ಹಾಕೋಣ.

ನಮ್ಮಲ್ಲಿ ಪದ್ಯ ಬರೆಯುವವರು ಬಹಳ ಜನ ಇದ್ದೇವೆ. ಬರೆಯೋಣ. ತೀರ್ಪು ಬರೆಯುವವರೂ ನಮ್ಮಿಂದ ಬರಲಿ.

ಜೈ ಭೀಮ್.